ಸೈಕಲ್ಲಿಗೂ ಬೇಕೇ ಸ್ಟೆಪ್ನಿ?

ವಾಡಿಯ ಸಿಮೆಂಟ್ ಕಾರ್ಖಾನೆಯಿಂದ ಹೊರಬೀಳುವ ಲಾರಿಗಳ ಹೊಟ್ಟೆಯ ಕೆಳಗೆ ಒಂದು ಹೆಚ್ಚುವರಿ ಚಕ್ರ ತೂಗುತ್ತಿರುತ್ತದೆ. ಶಹಾಬಾದ್, ಚಿತ್ತಾಪುರ, ಸೇಡಂ ಕಡೆಯ ಯಾವ ಡ್ರೈವರನನ್ನು ಕೇಳಿದರೂ ಅದರ ಹೆಸರು ಸ್ಟೆಪ್ನಿ. ವೇಲ್ಸ್ ದೇಶದ ಲನೆಲಿ ಎಂಬ ಊರಿನಲ್ಲಿ ಸ್ಟೆಪ್ನಿ ಎಂಬ ಬೀದಿಯಿದೆ. ಮೋಟಾರು ಗಾಡಿಗಳಿಗೆ ಹೆಚ್ಚುವರಿ ಚಕ್ರ ಒದಗಿಸುವ ವ್ಯಾಪಾರವನ್ನು 1904ರ ಹೊತ್ತಿಗೆ ಅಲ್ಲಿನ ಡೇವಿಸ್ ಸೋದರರು ಶುರುಮಾಡಿದರು, ಬೀದಿಯ ಹೆಸರೇ ಚಕ್ರಕ್ಕೂ ಬಂತು. ಬ್ರಿಟನ್ನಿನ ಜನ ಆ ಪದವನ್ನು ಹೆಚ್ಚುಕಡಿಮೆ ಮರೆತಿದ್ದಾರೆ. ಕಲಬುರಗಿ ಜಿಲ್ಲೆಯ ಲಾರಿ ನಿಲ್ದಾಣಗಳಲ್ಲಿ ಅದು ದಿನವೂ ಕಿವಿಗೆ ಬೀಳುತ್ತದೆ.

ಸ್ಟೆಪ್ನಿ ಇಲ್ಲದೆ ಲಾರಿ ಹೊರಡಬಾರದು ಎಂಬುದರಲ್ಲಿ ಯಾರಿಗೂ ಎರಡು ಮಾತಿಲ್ಲ. ಸೈಕಲ್ಲಿನ ವಿಷಯಕ್ಕೆ ಬಂದರೆ ಮಾತು ಅಷ್ಟು ಸಲೀಸಲ್ಲ. ಅದರಲ್ಲೂ ಈಜು, ಸೈಕಲ್, ಓಟ ಮೂರನ್ನೂ ಒಂದೇ ಉಸಿರಿಗೆ ಮುಗಿಸುವ ಟ್ರಯಥ್ಲಾನ್ ಸ್ಪರ್ಧಿಗಳಲ್ಲಿ, ಅದನ್ನೇ ವೃತ್ತಿ ಮಾಡಿಕೊಂಡವರಲ್ಲಿ, ಇದು ವರ್ಷಗಳಿಂದ ನಡೆದುಬಂದ ವಾದ. ಅವರ ಸೈಕಲ್ಲಿನ ಬೆಲೆಗೆ ಒಂದು ಕಾರು ಬರುತ್ತದೆ. ಗಾಳಿಯನ್ನು ಸೀಳಲೆಂದು ಚೌಕಟ್ಟನ್ನು ಚಾಕುವಿನಂತೆ ತೆಳ್ಳಗೆ ಮಾಡಿರುತ್ತಾರೆ, ನೀರಿನ ಬಾಟಲಿಯನ್ನೂ ಎದೆಯ ನೇರಕ್ಕೆ ಅಡಗಿಸಿರುತ್ತಾರೆ. ಹೀಗೆ ಗ್ರಾಂ ಲೆಕ್ಕದಲ್ಲಿ ಬದುಕುವವರು, ಬಳಕೆಗೆ ಬರುತ್ತದೋ ಇಲ್ಲವೋ ಗೊತ್ತಿಲ್ಲದ ಒಂದು ಟ್ಯೂಬನ್ನು, ಟೈರನ್ನು ಹೊತ್ತು ಓಡಬೇಕೇ?

ಪ್ರಶ್ನೆ ದೂರದ್ದು ಅನಿಸಬಹುದು. ಆದರೆ ಅದರ ಬೇರು ಈ ಸೀಮೆಯಲ್ಲೂ ಇದೆ. ಮಳೆ ಬಿದ್ದು ನಾಲ್ಕಾರು ವಾರ ಕಳೆದ ಮೇಲೆ ಸೇಡಂನಿಂದ ಚಿಂಚೋಳಿಯ ಕಡೆ ಹೋಗುವ ದಾರಿಯ ಅಂಚಿನಲ್ಲಿ ಒಂದು ಬಳ್ಳಿ ನೆಲಕ್ಕೆ ಅಂಟಿಕೊಂಡು ಹಬ್ಬುತ್ತದೆ. ಎಲೆ ಸಣ್ಣವು, ಹೂವು ಹಳದಿ, ಐದು ಎಸಳು. ನೋಡಲು ಸಾಧು. ಹೂವು ಕಾಯಾಗಿ, ಕಾಯಿ ಒಣಗಿ ಐದು ಹೋಳಾದಾಗ ಅದರ ನಿಜರೂಪ ತಿಳಿಯುತ್ತದೆ. ಪ್ರತಿ ಹೋಳಿಗೂ ಗಟ್ಟಿ ಮುಳ್ಳು, ಹೇಗೆ ಬಿದ್ದರೂ ಒಂದು ಮೊನೆ ಆಕಾಶ ನೋಡುತ್ತದೆ. ಅದೇ ನೆಗ್ಗಿಲು. ಆಯುರ್ವೇದದವರಿಗೆ ಗೋಕ್ಷುರ, ಬರಿಗಾಲಲ್ಲಿ ಹೊಲಕ್ಕೆ ಹೋಗುವವರಿಗೆ ನಿತ್ಯದ ಶತ್ರು. ಇದೇ ಗಿಡ ಅಮೆರಿಕದ ಪಶ್ಚಿಮದ ರಾಜ್ಯಗಳಲ್ಲೂ ಹಬ್ಬಿದೆ. ಅಲ್ಲಿನವರು ಅದಕ್ಕೆ ಇಟ್ಟ ಹೆಸರು ಪಂಕ್ಚರ್ ವೈನ್, ಅಂದರೆ ಪಂಕ್ಚರ್ ಬಳ್ಳಿ.

ಟ್ರಯಥ್ಲಾನ್‌ನ ಕಠಿಣ ರೂಪಕ್ಕೆ ಐರನ್‌ಮ್ಯಾನ್ ಎಂದು ಹೆಸರು. 1978ರಲ್ಲಿ ಹವಾಯಿಯ ಒವಾಹು ದ್ವೀಪದಲ್ಲಿ 15 ಮಂದಿ ಹೊರಟು 12 ಮಂದಿ ಮುಗಿಸಿದ ಪಂದ್ಯದಿಂದ ಅದು ಶುರುವಾಯಿತು. 3.8 ಕಿಲೋಮೀಟರ್ ಸಮುದ್ರದಲ್ಲಿ ಈಜು, 180 ಕಿಲೋಮೀಟರ್ ಸೈಕಲ್, ಕೊನೆಗೆ 42.2 ಕಿಲೋಮೀಟರ್ ಓಟ. ಮುಂದೆ ಪಂದ್ಯ ಅದೇ ದ್ವೀಪಸಮೂಹದ ಕೋನಾ ಪಟ್ಟಣಕ್ಕೆ ಹೋಯಿತು. ಕರಿ ಲಾವಾ ಬಂಡೆಗಳ ನಡುವಿನ ಹೆದ್ದಾರಿ, ಮರದ ನೆರಳಿಲ್ಲ, ಅಡ್ಡಗಾಳಿ ಬೇರೆ. ಮೇ ತಿಂಗಳಲ್ಲಿ ಶಹಾಬಾದಿನ ಕಲ್ಲುಗಣಿಗಳ ಪಕ್ಕ ಹಾದುಹೋದವರಿಗೆ ಆ ಕಾವನ್ನು ಬೇರೆ ವಿವರಿಸಬೇಕಿಲ್ಲ.

2008ರಲ್ಲಿ ಅದೇ ಹೆದ್ದಾರಿಯಲ್ಲಿ ಬ್ರಿಟನ್ನಿನ ಕ್ರಿಸ್ಸಿ ವೆಲ್ಲಿಂಗ್ಟನ್ ಮುನ್ನಡೆಯಲ್ಲಿದ್ದರು. ಹಿಂದಿನ ವರ್ಷದ ಚಾಂಪಿಯನ್. ಟೈರು ಪಂಕ್ಚರ್ ಆಯಿತು. ಅವರ ಬಳಿ ಟ್ಯೂಬೂ ಇತ್ತು, ಗಾಳಿ ತುಂಬಲು ಕಾರ್ಬನ್ ಡೈಆಕ್ಸೈಡ್ ಅಡಕಿದ ಪುಟ್ಟ ಉಕ್ಕಿನ ಕೊಳವೆಗಳೂ ಇದ್ದವು. ಪಂಪು ಹೊಡೆಯುವ ಕಷ್ಟ ಬೇಡವೆಂದು ರೇಸಿನವರು ಇಟ್ಟುಕೊಳ್ಳುವುದು ಇದನ್ನೇ. ಮೂತಿಗೆ ತಿರುಗಿಸಿ ಬಿಟ್ಟರೆ ಒಂದೆರಡು ಸೆಕೆಂಡಿನಲ್ಲಿ ಟೈರು ಕಲ್ಲಿನಂತಾಗುತ್ತದೆ. ಗುರಿ ತಪ್ಪಿದರೆ ಅಷ್ಟೇ ಬೇಗ ಖಾಲಿಯೂ ಆಗುತ್ತದೆ. ಅವರ ಕೈಯಲ್ಲಿ ಆದದ್ದು ಅದೇ. ಟ್ಯೂಬು ಕೂತಿತ್ತು, ಗಾಳಿ ಹೊರಗೆ ಹೋಯಿತು. ವಿಶ್ವ ಚಾಂಪಿಯನ್ ರಸ್ತೆ ಬದಿಯಲ್ಲಿ ನಿಂತು, ಹಾದುಹೋಗುವ ಎದುರಾಳಿಗಳನ್ನು ಕೂಗಿ ಬೇಡುವಂತಾಯಿತು. ಆಸ್ಟ್ರೇಲಿಯಾದ ರೆಬೆಕಾ ಕೀಟ್ ತಮ್ಮ ಬಳಿಯಿದ್ದ ಒಂದು ಕೊಳವೆಯನ್ನು ಅವರಿಗೆ ಕೊಟ್ಟು ಮುಂದೆ ಹೋದರು. ಸುಮಾರು 10 ನಿಮಿಷ ಕಳೆದುಕೊಂಡ ವೆಲ್ಲಿಂಗ್ಟನ್ ಮತ್ತೆ ಹೊರಟು, ಎಲ್ಲರನ್ನೂ ಹಿಂದಿಕ್ಕಿ, ಎರಡನೆಯ ಸ್ಥಾನದವರಿಗಿಂತ 15 ನಿಮಿಷದಷ್ಟು ಮುಂಚೆ ಗುರಿ ಮುಟ್ಟಿದರು.

ಈ ಕಥೆಯನ್ನು ಕ್ರೀಡಾಸ್ಫೂರ್ತಿಗೆ ಉದಾಹರಣೆಯಾಗಿ ಹೇಳುವವರು ಬಹಳ. ಅದು ಸರಿಯೇ, ಎದುರಾಳಿಯ ಕೈಗೆ ಗೆಲುವಿನ ಸಾಮಾನು ಕೊಡುವುದು ಸಣ್ಣ ಮಾತಲ್ಲ. ಆದರೆ ಇದರಲ್ಲಿ ಇನ್ನೊಂದು ಸಂಗತಿಯಿದೆ. ವೆಲ್ಲಿಂಗ್ಟನ್ ಸಾಮಾನು ಇಲ್ಲದೆ ನಿಂತವರಲ್ಲ, ಸಾಮಾನು ಇದ್ದೂ ನಿಂತವರು.

ಮೂರು ವರ್ಷ ಮೊದಲು, 2005ರಲ್ಲಿ, ಅದೇ ದಾರಿಯಲ್ಲಿ ಜರ್ಮನಿಯ ನಾರ್ಮನ್ ಸ್ಟಾಡ್ಲರ್ ಅವರಿಗೆ ಆದದ್ದು ಇನ್ನೂ ಕಟು. ಅವರೂ ಹಿಂದಿನ ವರ್ಷದ ಚಾಂಪಿಯನ್. ಆ ಕಾಲದ ಬಹುಪಾಲು ವೃತ್ತಿಪರರಂತೆ ಟ್ಯೂಬುಲರ್ ಟೈರು ಹಾಕಿದ್ದರು. ಊರ ಸೈಕಲ್ಲಿನ ಟೈರು ಬೇರೆ, ಟ್ಯೂಬು ಬೇರೆ. ಟ್ಯೂಬುಲರ್‌ನಲ್ಲಿ ಟ್ಯೂಬಿನ ಸುತ್ತ ಟೈರನ್ನೇ ಹೊಲಿದಿರುತ್ತಾರೆ, ಇಡೀ ಉಂಗುರವನ್ನು ರಿಮ್ಮಿಗೆ ಅಂಟು ಹಚ್ಚಿ ಕೂರಿಸುತ್ತಾರೆ. ಹಗುರ, ನಯ, ವೇಗ ಎಲ್ಲವೂ ಉಂಟು. ಪಂಕ್ಚರ್ ಆದರೆ ಪ್ಯಾಚ್ ಹಾಕುವ ಮಾತಿಲ್ಲ, ಟೈರನ್ನೇ ಕಿತ್ತು ಹೊಸದು ಏರಿಸಬೇಕು. ಸ್ಟಾಡ್ಲರ್ ಅವರ ಟೈರು ಕೀಳಲು ಬರಲೇ ಇಲ್ಲ. ಅಂಟು ಅಷ್ಟು ಬಲವಾಗಿತ್ತು. ಟಿ.ವಿ. ಕ್ಯಾಮೆರಾ ಎದುರಿನಲ್ಲೇ ಅವರು ಅಂಟು ಹೆಚ್ಚಾಯಿತೆಂದು ಗೋಳಾಡಿದರು, ಸೈಕಲ್ಲನ್ನು ರಸ್ತೆ ಬದಿಗೆ ಎಸೆದರು, ಪಂದ್ಯ ಬಿಟ್ಟರು. ಮರುವರ್ಷ ಮರಳಿ ಬಂದು ಗೆದ್ದರು. 2006ರ ಆ ಗೆಲುವಿನ ಅಂತರ 71 ಸೆಕೆಂಡ್.

ಆ 71 ಸೆಕೆಂಡನ್ನು ಹಿಡಿದೇ ಹೊರೆಯ ಲೆಕ್ಕ ಹಾಕಬಹುದು. ಒಂದು ಟ್ಯೂಬು, ಎರಡು ಗಾಳಿಕೊಳವೆ, ಅದಕ್ಕೊಂದು ಮೂತಿ, ಟೈರು ಎಬ್ಬಿಸುವ ಎರಡು ಪ್ಲಾಸ್ಟಿಕ್ ಲಿವರು. ಒಟ್ಟು ತೂಕ 300 ಗ್ರಾಂ, ಧಾರಾಳವಾಗಿ ಹಿಡಿದರೆ 400 ಗ್ರಾಂ. ಸವಾರ ಮತ್ತು ಸೈಕಲ್ ಸೇರಿ 85 ಕಿಲೋ ಎಂದುಕೊಂಡರೆ ಇದು ಅರ್ಧ ಶೇಕಡಾದಷ್ಟೂ ಅಲ್ಲ. ಸಮತಟ್ಟಾದ ದಾರಿಯಲ್ಲಿ ಸವಾರನ ಶಕ್ತಿಯಲ್ಲಿ ದೊಡ್ಡ ಪಾಲನ್ನು ನುಂಗುವುದು ಗಾಳಿ. ತೂಕಕ್ಕೆ ಸಂಬಂಧಿಸಿದ ಟೈರಿನ ಉರುಳಾಟಕ್ಕೆ ಹೋಗುವುದು ಐದನೆಯ ಒಂದು ಭಾಗದ ಆಸುಪಾಸು. ಹಾಗಾಗಿ ನಾಲ್ಕು ತಾಸಿನ 180 ಕಿಲೋಮೀಟರ್ ದಾರಿಯಲ್ಲಿ ಈ 400 ಗ್ರಾಮಿನಿಂದ ಆಗುವ ನಷ್ಟ ಐದಾರು ಸೆಕೆಂಡ್. ಏರುದಾರಿಯಲ್ಲಿ ಪ್ರತಿ 100 ಮೀಟರ್ ಎತ್ತರಕ್ಕೆ ಸುಮಾರು ಒಂದೂವರೆ ಸೆಕೆಂಡ್ ಸೇರಿಸಬೇಕು, ಅದರಲ್ಲೂ ಒಂದು ಪಾಲು ಇಳಿಜಾರಿನಲ್ಲಿ ವಾಪಸು ಸಿಗುತ್ತದೆ. ಸೀಟಿನ ಹಿಂದೆ ಚೀಲ ಜೋತುಬಿದ್ದರೆ ಗಾಳಿಗೆ ಅಡ್ಡವಾಗಬಹುದು ನಿಜ. ಅದಕ್ಕೇ ಹೊಸ ಸೈಕಲ್ಲುಗಳಲ್ಲಿ ಚೌಕಟ್ಟಿನ ಒಳಗೇ ಡಬ್ಬಿ ಕೊಡುತ್ತಾರೆ. ತೂಕದ ನೆಪ ಹೇಳಿ ಟ್ಯೂಬು ಬಿಟ್ಟುಹೋಗುವವರ ವಾದ ಇಷ್ಟಕ್ಕೇ ಸೋಲುತ್ತದೆ.

ಅವರ ಇನ್ನೊಂದು ವಾದಕ್ಕೆ ಬಲವಿದೆ. ವೃತ್ತಿಪರನಿಗೆ ಪಂದ್ಯ ಎಂದರೆ ಸಂಬಳ. ಕೋನಾದಲ್ಲಿ ಗೆದ್ದವರಿಗೆ 1,25,000 ಡಾಲರ್ ಕೊಟ್ಟದ್ದುಂಟು. ಕೆಳಗಿನ ಸ್ಥಾನಗಳಿಗೆ ಇಳಿದಂತೆ ಆ ಮೊತ್ತ ಕರಗುತ್ತಾ ಹೋಗುತ್ತದೆ. ಪಂಕ್ಚರ್ ಆಗಿ ಐದಾರು ನಿಮಿಷ ಹೋದರೆ ಮೊದಲ ಮೂರು ಸ್ಥಾನದ ಆಸೆ ಬಿಟ್ಟಂತೆಯೇ. ಮೇಲೆ ಮ್ಯಾರಥಾನ್ ಓಡಿ ಮೈ ಸವೆಸುವುದಕ್ಕಿಂತ ಅಲ್ಲೇ ನಿಲ್ಲಿಸಿ, ಮುಂದಿನ ಪಂದ್ಯಕ್ಕೆ ಶಕ್ತಿ ಉಳಿಸಿಕೊಳ್ಳುವುದು ಜಾಣತನ ಎಂಬುದು ಅವರ ನಿಲುವು. ದುಡಿಮೆಯ ದೃಷ್ಟಿಯಿಂದ ಇದನ್ನು ತಳ್ಳಿಹಾಕಲಾಗದು. ಆದರೆ ಪಂಕ್ಚರ್ ಆದ ಮೇಲೂ ವೆಲ್ಲಿಂಗ್ಟನ್ ಗೆದ್ದರು, 2014ರ ಕೋನಾದಲ್ಲಿ ಪಂಕ್ಚರ್ ಆದ ಮೇಲೂ ಜರ್ಮನಿಯ ಯಾನ್ ಫ್ರೊಡೆನೊ ಮೂರನೆಯವರಾದರು. ಎಂಟೊಂಬತ್ತು ತಾಸಿನ ಪಂದ್ಯದಲ್ಲಿ ಮುಂದಿದ್ದವರೂ ಸೋಲುತ್ತಾರೆ, ವಾಂತಿ ಮಾಡಿಕೊಳ್ಳುತ್ತಾರೆ, ನಡೆಯಲು ಶುರುಮಾಡುತ್ತಾರೆ. ಹಿಂದೆ ಉಳಿದವನಿಗೆ ಬಾಗಿಲು ಮುಚ್ಚಿರುವುದಿಲ್ಲ. ರಸ್ತೆ ಬದಿಯಲ್ಲಿ ಕೂತವನಿಗೆ ಮಾತ್ರ ಮುಚ್ಚಿರುತ್ತದೆ.

ಚಿಕ್ಕ ಪಂದ್ಯಗಳ ಮಾತು ಬೇರೆ. 2000ದ ಸಿಡ್ನಿಯಿಂದ ಒಲಿಂಪಿಕ್ಸ್ ಸೇರಿದ ಟ್ರಯಥ್ಲಾನ್‌ನಲ್ಲಿ ಸೈಕಲ್ ದಾರಿ 40 ಕಿಲೋಮೀಟರ್ ಮಾತ್ರ. ಒಂದೇ ಬೀದಿಗಳಲ್ಲಿ ಸುತ್ತು ಹಾಕುವುದು, ಗುಂಪಾಗಿ ಓಡುವುದು. ದಾರಿಯಲ್ಲಿ ಚಕ್ರ ಬದಲಿಸುವ ತಾಣಗಳಿರುತ್ತವೆ. ಅಲ್ಲಿಯವರೆಗೆ ಹೇಗೋ ತಲುಪಿ, ಸಿದ್ಧ ಚಕ್ರ ಹಾಕಿಕೊಂಡು ಹೋಗಬಹುದು. ಇಲ್ಲಿ ಬೆನ್ನಿಗೆ ಟ್ಯೂಬು ಕಟ್ಟಿಕೊಳ್ಳುವುದರಲ್ಲಿ ಅರ್ಥವಿಲ್ಲ. 2021ರ ಜುಲೈನಲ್ಲಿ ಟೋಕಿಯೊದಲ್ಲಿ ಬ್ರಿಟನ್ನಿನ ಜಾರ್ಜಿಯಾ ಟೇಲರ್ ಬ್ರೌನ್ ಅವರಿಗೆ ಸೈಕಲ್ ಭಾಗ ಮುಗಿಯುವ ಹೊತ್ತಿಗೆ ಪಂಕ್ಚರ್ ಆಯಿತು. ನಿಲ್ಲಲಿಲ್ಲ. ಗಾಳಿಯಿಲ್ಲದ ಚಕ್ರದಲ್ಲೇ ಉಳಿದ ದಾರಿ ತುಳಿದು, 20 ಸೆಕೆಂಡಿಗೂ ಹೆಚ್ಚು ಹಿಂದೆ ಬಿದ್ದು ಓಟ ಶುರುಮಾಡಿ, ಬೆಳ್ಳಿ ಪದಕ ಗೆದ್ದರು. ರಿಮ್ಮು ಹಾಳಾದರೆ ಆಗಲಿ, ಪದಕ ಮುಖ್ಯ ಎಂಬ ಆ ಕ್ಷಣದ ನಿರ್ಧಾರ ಸರಿಯಾಗಿಯೇ ಇತ್ತು. ಆದರೆ ಅದು ಕೊನೆಯ ಸುತ್ತಿನ ಮಾತು. 180 ಕಿಲೋಮೀಟರಿನಲ್ಲಿ ಐವತ್ತನೆಯದಕ್ಕೆ ಟೈರು ಕುಸಿದರೆ ಈ ಧೈರ್ಯ ಉಪಯೋಗಕ್ಕೆ ಬರುವುದಿಲ್ಲ.

ಕಲಬುರಗಿ ಕಡೆಯ ಓದುಗರಿಗೆ ಇಲ್ಲೊಂದು ಸಹಜ ಸಂಶಯ ಏಳುತ್ತದೆ. ವಾಡಿ ಜಂಕ್ಷನ್ನಿನ ಹೊರಗೆ, ಚಿತ್ತಾಪುರದ ಬಸ್ ನಿಲ್ದಾಣದ ಆಸುಪಾಸಿನಲ್ಲಿ, ಸೇಡಂನ ನಾಕಾದಲ್ಲಿ ಹಳೇ ಟೈರು ನೇತುಹಾಕಿದ ಪಂಚರ್ ಅಂಗಡಿ ಇದ್ದೇ ಇರುತ್ತದೆ. ‘ಅಣ್ಣಾ, ಜರಾ ಹವಾ ನೋಡ್ರಿ’ ಎಂದರೆ ಸಾಕು. ಬುಟ್ಟಿಯ ನೀರಿನಲ್ಲಿ ಟ್ಯೂಬು ಮುಳುಗಿಸಿ, ಗುಳ್ಳೆ ಏಳುವ ಜಾಗ ಹಿಡಿದು, ಉಜ್ಜಿ, ಸೊಲ್ಯೂಷನ್ ಹಚ್ಚಿ, ಪ್ಯಾಚ್ ಕೂರಿಸಿ, ಸುತ್ತಿಗೆಯಲ್ಲಿ ಎರಡು ಏಟು ಕೊಟ್ಟು ಕಳಿಸುತ್ತಾರೆ. ಇಂಥ ದಾರಿಯಲ್ಲಿ ರೇಸ್ ನಡೆದರೆ ಸವಾರ ಸಾಮಾನು ಏಕೆ ಹೊರಬೇಕು?

ಹೊರಲೇಬೇಕು, ಏಕೆಂದರೆ ಆ ಅಂಗಡಿಗೆ ಅವನು ಹೋಗುವಂತಿಲ್ಲ. ಹೊರಗಿನವರ ನೆರವು ಪಡೆದರೆ ಶಿಕ್ಷೆ. ಸಂಘಟಕರ ಮೆಕ್ಯಾನಿಕ್ ಗಾಡಿ ಬಂದರೆ ಅದರ ಸಹಾಯ ಪಡೆಯಬಹುದು, ಅದು ಯಾವಾಗ ಬರುತ್ತದೆಂದು ಹೇಳಲಾಗದು. ಸಹಸ್ಪರ್ಧಿಗಳು ಟ್ಯೂಬು, ಪಂಪು, ಪಂಕ್ಚರ್ ಸಾಮಾನು ಕೊಡಬಹುದು ಎಂದು ವರ್ಲ್ಡ್ ಟ್ರಯಥ್ಲಾನ್ ಸಂಸ್ಥೆಯ ನಿಯಮವೇ ಹೇಳುತ್ತದೆ. ಆದರೆ ಕೊಟ್ಟವನೇ ಮುಂದೆ ಹೋಗಲಾಗದಂಥ ವಸ್ತುವನ್ನು, ಅಂದರೆ ಚಕ್ರವನ್ನೋ ಇಡೀ ಸೈಕಲ್ಲನ್ನೋ, ಕೊಡುವಂತಿಲ್ಲ. ಕೀಟ್ ಮಾಡಿದ್ದು ನಿಯಮಬದ್ಧವಾಗಿಯೇ ಇತ್ತು.

ತನ್ನ ಕೆಲಸ ತಾನೇ ಮಾಡಿಕೊಳ್ಳಬೇಕೆಂಬ ಈ ಕಟ್ಟಳೆ ಸೈಕಲ್ ಪಂದ್ಯಗಳಲ್ಲಿ ಬಹಳ ಹಳೆಯದು. ಮೊದಲ ದಶಕಗಳ ಟೂರ್ ಡಿ ಫ್ರಾನ್ಸ್ ಫೋಟೋಗಳಲ್ಲಿ ಸವಾರರು ಹೆಚ್ಚುವರಿ ಟೈರುಗಳನ್ನು ಜನಿವಾರದಂತೆ ಭುಜಕ್ಕೆ ಅಡ್ಡ ಹಾಕಿಕೊಂಡಿರುತ್ತಾರೆ. 1913ರಲ್ಲಿ ಯೂಜೀನ್ ಕ್ರಿಸ್ತಾಫ್ ಎಂಬ ಸವಾರನ ಸೈಕಲ್ಲಿನ ಮುಂದಿನ ಫೋರ್ಕು ಟೂರ್ಮಲೆ ಬೆಟ್ಟದ ಇಳಿಜಾರಿನಲ್ಲಿ ಮುರಿಯಿತು. ಆತ ಸೈಕಲ್ ಹೊತ್ತು ಕಿಲೋಮೀಟರುಗಟ್ಟಲೆ ನಡೆದು ಒಂದು ಹಳ್ಳಿಯ ಕಮ್ಮಾರಸಾಲೆ ಸೇರಿದ. ಕುಲುಮೆಯಲ್ಲಿ ಕಬ್ಬಿಣ ಕಾಯಿಸಿ, ಬಡಿದು, ತಾನೇ ಬೆಸೆದುಕೊಂಡ. ಅಧಿಕಾರಿಗಳು ಕಣ್ಣಿಟ್ಟು ನಿಂತಿದ್ದರು. ಎರಡೂ ಕೈ ಕೆಲಸದಲ್ಲಿದ್ದುದರಿಂದ ತಿದಿ ಒತ್ತಲು ಅಲ್ಲಿದ್ದ ಹುಡುಗನೊಬ್ಬ ನೆರವಾದ. ಅಷ್ಟಕ್ಕೇ ದಂಡದ ಸಮಯ ಸೇರಿಸಿದರು. ತಿದಿ ಒತ್ತಿದ ಹುಡುಗನ ಕೈಯನ್ನೂ ಲೆಕ್ಕಕ್ಕೆ ಹಿಡಿದದ್ದು ಕ್ರೂರ ಎನಿಸುತ್ತದೆ. ಆದರೆ ಕ್ರಿಸ್ತಾಫ್‌ಗೆ ಕಮ್ಮಾರಿಕೆ ಬರುತ್ತಿತ್ತು. ಬರದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು.

ಕರ್ನಾಟಕದವರು ಇಂಥ ಪಂದ್ಯಗಳಿಗೆ ಹೊಸಬರೇನಲ್ಲ. ಬೆಂಗಳೂರಿನ ಅನು ವೈದ್ಯನಾಥನ್ 2009ರಲ್ಲಿ ಕೆನಡಾದಲ್ಲಿ ಅಲ್ಟ್ರಾಮ್ಯಾನ್ ಮುಗಿಸಿದರು. ಮೂರು ದಿನಗಳಲ್ಲಿ 10 ಕಿಲೋಮೀಟರ್ ಈಜು, 420 ಕಿಲೋಮೀಟರ್ ಸೈಕಲ್, 84 ಕಿಲೋಮೀಟರ್ ಓಟ. ಆ ಪಂದ್ಯದಲ್ಲಿ ಸ್ಪರ್ಧಿಯ ಹಿಂದೆ ತನ್ನದೇ ನೆರವಿನ ತಂಡ, ಗಾಡಿ ಇರುತ್ತದೆ. ಸ್ಟೆಪ್ನಿ ಹೊರುವ ಹೊಣೆ ಗಾಡಿಯದು. 2019ರಿಂದ ಪಣಜಿಯಲ್ಲಿ ಅರ್ಧ ದೂರದ ಐರನ್‌ಮ್ಯಾನ್ ನಡೆಯುತ್ತಿದ್ದು, ಹುಬ್ಬಳ್ಳಿ, ಬೆಳಗಾವಿ, ಬೆಂಗಳೂರಿನವರಿಗೆ ಅದೇ ಹತ್ತಿರದ ಅಂಗಳ. 1.9 ಕಿಲೋಮೀಟರ್ ಈಜು, 90 ಸೈಕಲ್, 21.1 ಓಟ. ಮುಗಿಸಲು ಎಂಟೂವರೆ ತಾಸಿನ ಗಡುವು. 2024ರ ಅಕ್ಟೋಬರಿನಲ್ಲಿ ಬೆಂಗಳೂರು ದಕ್ಷಿಣದ ಸಂಸದ ತೇಜಸ್ವಿ ಸೂರ್ಯ ಇದನ್ನು 8 ತಾಸು 27 ನಿಮಿಷ 32 ಸೆಕೆಂಡಿನಲ್ಲಿ ಮುಗಿಸಿದರು. ಗಡುವಿಗೆ ಉಳಿದಿದ್ದದ್ದು ಎರಡೂವರೆ ನಿಮಿಷ. ನುರಿತ ಕೈಗೂ ಟ್ಯೂಬು ಬದಲಿಸಲು ಮೂರರಿಂದ ಐದು ನಿಮಿಷ ಬೇಕು. ಅಂದರೆ ವೃತ್ತಿಪರರಿಗಿಂತ ಹವ್ಯಾಸಿಗಳ ಪಾಲಿಗೆ ಪಂಕ್ಚರ್ ಇನ್ನೂ ದೊಡ್ಡ ಗಂಡಾಂತರ.

ಸೇಡಂ, ಚಿತ್ತಾಪುರ, ಶಹಾಬಾದ್, ಚಿಂಚೋಳಿಗಳ ದಾರಿಯಲ್ಲಿ ಉದ್ದ ದೂರ ಸೈಕಲ್ ಹೊಡೆಯುವವರಿಗೆ ಶತ್ರುಗಳು ಒಬ್ಬಿಬ್ಬರಲ್ಲ. ನೆಗ್ಗಿಲು ಇದೆ. ಹಳ್ಳದ ದಂಡೆಯಿಂದ ರಸ್ತೆಯವರೆಗೆ ಹಬ್ಬಿದ ಬಳ್ಳಾರಿ ಜಾಲಿ ಇದೆ. ಅದನ್ನು ಕಡಿದು ಬೇಲಿಗೆ ಒಯ್ಯುವಾಗ ಉದುರಿದ ಟೊಂಗೆ ದಾರಿಯಲ್ಲೇ ಉಳಿಯುತ್ತದೆ. ತೊಗರಿ ಕೊಯ್ದ ಮೇಲೆ ಹೊಲದಲ್ಲಿ ನಿಲ್ಲುವ ಕೂಳೆ ಈಟಿಯಷ್ಟು ಚೂಪು, ಟ್ರ್ಯಾಕ್ಟರ್ ಟೈರನ್ನೂ ಬಿಡುವುದಿಲ್ಲ. ಶಹಾಬಾದಿನ ಪರಸಿ ಕಲ್ಲು ಸೀಳುವಾಗ ಹಾರಿದ ಚೂರುಗಳು ಗಾಡಿಯಿಂದ ರಸ್ತೆಗೆ ಬೀಳುತ್ತವೆ, ಅಂಚು ಬ್ಲೇಡಿನಂತಿರುತ್ತದೆ. ಕಣ್ಣಿಗೆ ಬೀಳದ ಶತ್ರು ಇನ್ನೊಂದು. ಭಾರದ ಲಾರಿಯ ಟೈರು ಸಿಡಿದಾಗ ಅದರೊಳಗಿನ ಕೂದಲೆಳೆಯಂಥ ಉಕ್ಕಿನ ತಂತಿ ಚೂರಾಗಿ ಡಾಂಬರಿನ ಮೇಲೆ ಹರಡುತ್ತದೆ. ಸೈಕಲ್ ಟೈರಿಗೆ ಅದು ನಿಧಾನವಾಗಿ ಹೊಕ್ಕು, ಗಾಳಿ ಗೊತ್ತಾಗದಂತೆ ಇಳಿಯುತ್ತದೆ. ಸಿಮೆಂಟ್ ಲಾರಿಗಳು ಹಗಲಿರುಳು ಓಡುವ ವಾಡಿ, ಮಳಖೇಡದ ದಾರಿಗಳಲ್ಲಿ ಇದಕ್ಕೆ ಕೊರತೆಯಿಲ್ಲ.

ಚಿಂಚೋಳಿಯ ಕಡೆ ಬೇರೆಯೇ ಕಷ್ಟ. ಎರೆ ನೆಲ ಮುಗಿದು ಕೆಂಪು ನೆಲ, ಗುಡ್ಡ, ಕಾಡು ಶುರುವಾಗುತ್ತದೆ. ಚಂದ್ರಂಪಳ್ಳಿ ಜಲಾಶಯದ ಸುತ್ತಲಿನ ಆ ಕಾಡು 2011ರಲ್ಲಿ ವನ್ಯಜೀವಿಧಾಮವಾಯಿತು. ದಾರಿ ಸುಂದರ. ಕಾಡೊಳಗೆ ಟೈರು ಕುಸಿದರೆ ಸವಾರ ನಂಬಬೇಕಾದದ್ದು ತನ್ನ ಸೀಟಿನ ಕೆಳಗಿನ ಚೀಲವನ್ನೇ.

ಈಗ ಟ್ಯೂಬೇ ಇಲ್ಲದ ಟೈರು ಬಂದಿದೆ. ಒಳಗೆ ಹಾಲಿನಂಥ ರಬ್ಬರು ದ್ರವ ಹುಯ್ದಿರುತ್ತಾರೆ. ಮುಳ್ಳು ಚುಚ್ಚಿದರೆ ದ್ರವವೇ ನುಗ್ಗಿ ತೂತು ಮುಚ್ಚುತ್ತದೆ. ನೆಗ್ಗಿಲಿಗೆ, ತಂತಿಚೂರಿಗೆ ಇದು ಒಳ್ಳೆಯ ಉತ್ತರ. ವೃತ್ತಿಪರರಲ್ಲಿ ಅನೇಕರು ಇದನ್ನು ನಂಬಿಯೇ ಟ್ಯೂಬು ಬಿಟ್ಟು ಹೊರಡುತ್ತಾರೆ. ಆದರೆ ಪರಸಿಯ ಚೂರು ಟೈರನ್ನು ಸೀಳಿದರೆ ಯಾವ ದ್ರವವೂ ನಿಲ್ಲುವುದಿಲ್ಲ. ಕಲಬುರಗಿಯ ಬೇಸಿಗೆಯಲ್ಲಿ ಆ ದ್ರವ ಬೇಗ ಒಣಗುತ್ತದೆ ಕೂಡ, ಒಂದೆರಡು ತಿಂಗಳಿಗೆ ನೋಡಿ ಮತ್ತೆ ತುಂಬಬೇಕು. ಈ ಟೈರಿದ್ದರೂ ಒಂದು ತೆಳು ಟ್ಯೂಬು ಜೊತೆಗಿರಬೇಕೆನ್ನುವುದು ಅದಕ್ಕೇ. ಮಾಮೂಲಿ ಟ್ಯೂಬಿನ ತೂಕ ನೂರು ಗ್ರಾಂ ಸುಮಾರು, ಟಿಪಿಯು ಎಂಬ ಹೊಸ ಪ್ಲಾಸ್ಟಿಕ್ಕಿನದು 40 ಗ್ರಾಮಿಗೂ ಕಡಿಮೆ. ಮುಷ್ಟಿಯೊಳಗೆ ಅಡಗುತ್ತದೆ.

ಹಾಗಾದರೆ ಉತ್ತರ ಸ್ಪಷ್ಟ: ಉದ್ದದ ಪಂದ್ಯವಾದರೆ ಹೊರಬೇಕು. ಆದರೆ ಸ್ಟಾಡ್ಲರ್, ವೆಲ್ಲಿಂಗ್ಟನ್ ಇಬ್ಬರೂ ಕಾಣಿಸಿದ ಸತ್ಯ ಅದಕ್ಕಿಂತ ಒಂದು ಹೆಜ್ಜೆ ಮುಂದಿದೆ. ಜಗತ್ತಿನ ಅತಿ ವೇಗದ ಕಾಲುಗಳಿದ್ದವರಿಗೆ ಆ ದಿನ ಕೈಕೊಟ್ಟದ್ದು ಕೈಯೇ. ಚಿತ್ತಾಪುರದ ಪಂಚರ್ ಅಂಗಡಿಯ ಹುಡುಗ ಕಣ್ಣುಮುಚ್ಚಿ ಮಾಡುವ ಕೆಲಸವನ್ನು ಅವರು ರೇಸಿನ ಬಿಸಿಯಲ್ಲಿ, ನಡುಗುವ ಬೆರಳಲ್ಲಿ ಮಾಡಲಾರದೆ ಹೋದರು. ಸಾವಿರಾರು ತಾಸು ತುಳಿದು ಅಭ್ಯಾಸ ಮಾಡುವವರು ಟ್ಯೂಬು ಬದಲಿಸುವುದನ್ನು ವಾರಕ್ಕೆ ಹತ್ತು ನಿಮಿಷ ಅಭ್ಯಾಸ ಮಾಡದಿರುವುದು ನಿಜಕ್ಕೂ ದುಃಖದ ಸಂಗತಿ.

ಈ ಮಾತು ಪಂದ್ಯದವರಿಗೆ ಮಾತ್ರ ಸೀಮಿತವಲ್ಲ. 2006-07ರಲ್ಲಿ ರಾಜ್ಯ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಆರಂಭಿಸಿದಾಗ ಚಿಂಚೋಳಿ, ಚಿತ್ತಾಪುರದ ತಾಂಡಾಗಳ ಹುಡುಗಿಯರಿಗೆ ಹೈಸ್ಕೂಲು ಹತ್ತಿರವಾಯಿತು. ಸೈಕಲ್ ಬಂತು, ಅದರ ಜೊತೆ ಪಂಪು, ಪ್ಯಾಚು, ಕೈಕೆಲಸದ ಪಾಠ ಬರಲಿಲ್ಲ. ನೆಗ್ಗಿಲು ಚುಚ್ಚಿದ ದಿನ ಐದಾರು ಕಿಲೋಮೀಟರ್ ಸೈಕಲ್ ತಳ್ಳಿಕೊಂಡು ನಡೆಯಬೇಕು, ಇಲ್ಲವೇ ಶಾಲೆ ತಪ್ಪಬೇಕು. ಗಾಲಿ ಬಿಚ್ಚುವುದು ಅಪ್ಪನ ಕೆಲಸ, ಅಣ್ಣನ ಕೆಲಸ ಎಂದು ಹುಡುಗಿಯರನ್ನು ದೂರ ಇಟ್ಟ ಮನೆಗಳಲ್ಲಿ ಸೈಕಲ್ ವಾರಗಟ್ಟಲೆ ಗೋಡೆಗೊರಗಿ ನಿಲ್ಲುತ್ತದೆ. ವಿಜಯಪುರ, ಬಾಗಲಕೋಟೆ ಜಿಲ್ಲೆಗಳು ರಾಷ್ಟ್ರಮಟ್ಟದ ಸೈಕಲ್ ಪಟುಗಳನ್ನು ಕೊಟ್ಟಿವೆ. ಕಲಬುರಗಿಯ ಈ ತಾಲ್ಲೂಕುಗಳಿಂದಲೂ ಬರಬಹುದು. ಆಟದ ಪೀರಿಯಡ್ಡಿನಲ್ಲಿ ಒಂದು ಪಾಠ ಇದಕ್ಕಿಟ್ಟರೆ ಖರ್ಚು ಹೆಚ್ಚಿಲ್ಲ: ಒಂದು ಹಳೇ ಗಾಲಿ, ಎರಡು ಲಿವರು, ಒಂದು ಬುಟ್ಟಿ ನೀರು.

ಆ ಪಾಠದಲ್ಲಿ ಒಂದು ಸಂಗತಿ ಮೊದಲು ಬರಬೇಕು. ಪಂಚರ್ ಅಂಗಡಿಯವರು ಯಾರಿಗೂ ಹೇಳದೆ ಪ್ರತಿಸಲ ಮಾಡುವ ಕೆಲಸ ಅದು, ಅವಸರದ ಸವಾರ ಪ್ರತಿಸಲ ಮರೆಯುವುದೂ ಅದನ್ನೇ. ಟ್ಯೂಬು ಹೊರಗೆ ಬಂದೊಡನೆ ಹೊಸದನ್ನು ತೂರಿಸಬಾರದು. ಟೈರಿನ ಒಳಮೈಯಲ್ಲಿ ಬೆರಳ ತುದಿಯನ್ನು ನಿಧಾನವಾಗಿ ಒಂದು ಸುತ್ತು ಆಡಿಸಬೇಕು. ನೆಗ್ಗಿಲಿನ ಮುರಿದ ಮೊನೆಯೋ ಲಾರಿ ಟೈರಿನ ತಂತಿಯೋ ಅಲ್ಲೆಲ್ಲೋ ಕೂತಿರುತ್ತದೆ. ಬೆರಳಿಗೆ ಚುಚ್ಚಿದ ಕಡೆ ಹಿಡಿದು, ಹೊರಗಿನಿಂದ ಒತ್ತಿ, ಉಗುರಿನಲ್ಲೋ ಹಲ್ಲಿನಲ್ಲೋ ಕಿತ್ತು ತೆಗೆಯಬೇಕು. ಆಮೇಲೆ ಹೊಸ ಟ್ಯೂಬು.